ಲೆಕ್ಕ ಟ್ಯಾಲಿ ಆದರೆ ಸಾಕೇ?

ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿ ನನ್ನೂರು. ಹರಿಹರ, ದಾವಣಗೆರೆಗಳಲ್ಲಿ ಬ್ಯಾಂಕ್ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಬಿ.ಕಾಂ. ವಿಜ್ಞಾನದ ಋಣ ನನಗೆ ಎಸ್ಸೆಸ್ಸೆಲ್ಸಿಗೇ ತೀರಿತ್ತು. ಎಪ್ಪತ್ತು ದಾಟಿದ ಮೇಲೆ ಮತ್ತೆ ಆ ಪುಸ್ತಕ ಬಿಡಿಸುವಂತೆ ಮಾಡಿದವಳು ಹತ್ತನೇ ತರಗತಿಯ ಮೊಮ್ಮಗಳು.

ಕಳೆದ ಮಾಗಿಯ ಒಂದು ಸಂಜೆ ಅವಳು ವಿಜ್ಞಾನ ಪುಸ್ತಕ ಎದುರಿಗಿಟ್ಟುಕೊಂಡು ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತಿದ್ದಳು. ಪಾಠದ ಹೆಸರು ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ಕಿರುಪರೀಕ್ಷೆಯಲ್ಲಿ ಸಮೀಕರಣ ಸರಿದೂಗಿಸುವ ಲೆಕ್ಕಗಳೆಲ್ಲ ತಪ್ಪಾಗಿದ್ದವು.

“ಅಜ್ಜಾ, ಎಡಗಡೆ ಬಲಗಡೆ ಸಮ ಆಗ್ತಾನೇ ಇಲ್ಲ” ಅಂದಳು.

ಎಡ-ಬಲ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾನು ಜೀವನವಿಡೀ ಮಾಡಿದ್ದು ಅದನ್ನೇ ತಾನೇ!

ಅಂಕಿ ತಿದ್ದಿದರೆ ಖಾತೆಯೇ ಬೇರೆ

ಅವಳು ಬರೆದಿದ್ದನ್ನು ನೋಡಿದೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಕ್ರಿಯೆ. ಹೈಡ್ರೋಜನ್ ಅಣುವಿನಲ್ಲಿ ಎರಡು ಪರಮಾಣು, ಆಕ್ಸಿಜನ್ ಅಣುವಿನಲ್ಲೂ ಎರಡು. ನೀರಿನ ಅಣುವಿನಲ್ಲಾದರೋ ಹೈಡ್ರೋಜನ್ ಎರಡು, ಆಕ್ಸಿಜನ್ ಒಂದೇ. ಎಡದಲ್ಲಿ ಎರಡು ಆಕ್ಸಿಜನ್, ಬಲದಲ್ಲಿ ಒಂದು. ಇವಳು ಏನು ಮಾಡಿದ್ದಳು? ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಅಡಿಗೆ ಪುಟ್ಟದಾಗಿ ‘2’ ಸೇರಿಸಿ ಕೈತೊಳೆದುಕೊಂಡಿದ್ದಳು. ಲೆಕ್ಕವೇನೋ ಸಮವಾಯಿತು. ಆದರೆ ಪುಸ್ತಕ ತಿರುವಿ ನೋಡಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್! ಗಾಯ ತೊಳೆಯಲು ಬಳಸುತ್ತಿದ್ದ ಔಷಧಿ.

ನಮ್ಮ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಸಂಜೆ ಡೇ ಬುಕ್ ಟ್ಯಾಲಿ ಆಗದಿದ್ದರೆ ಮನೆಗೆ ಹೋಗುವಂತಿಲ್ಲ. ಒಮ್ಮೆ ಹದಿನೆಂಟು ರೂಪಾಯಿ ವ್ಯತ್ಯಾಸ ಬಂದು ರಾತ್ರಿ ಹತ್ತರವರೆಗೆ ಕುಳಿತಿದ್ದೆವು. ಕೊನೆಗೆ ಸಿಕ್ಕಿತು: 46 ಇರಬೇಕಾದಲ್ಲಿ 64 ಬರೆದಿದ್ದೆ. ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಯಾವುದೋ ಖಾತೆಗೆ ಹದಿನೆಂಟು ರೂಪಾಯಿ ಜಡಿದು ಎದ್ದು ಬರಬಹುದಿತ್ತು. ಹಾಗೆ ಮಾಡಿದರೆ ಟ್ಯಾಲಿ ಆಗುತ್ತಿತ್ತು, ಸತ್ಯ ಆಗುತ್ತಿರಲಿಲ್ಲ.

“ನೋಡು ಪುಟ್ಟಿ, ಅಡಿಯಲ್ಲಿರುವ ಚಿಕ್ಕ ಅಂಕಿ ಖಾತೆ ನಂಬರ್ ಇದ್ದ ಹಾಗೆ. ಅದನ್ನು ಮುಟ್ಟಿದರೆ ಖಾತೆದಾರನೇ ಬದಲಾಗುತ್ತಾನೆ. ಸೂತ್ರದ ಎಡಕ್ಕೆ ಬರೆಯುವ ದೊಡ್ಡ ಅಂಕಿ ಮಾತ್ರ ನಿನ್ನ ಕೈಯಲ್ಲಿರೋದು. ಅದು ಎಷ್ಟು ಅಣು ಅನ್ನೋದರ ಲೆಕ್ಕ” ಅಂದೆ. ಅವಳು ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು, ಎರಡು ನೀರಿನ ಅಣು ಎಂದು ಬರೆದಳು. ಎಡದಲ್ಲಿ ನಾಲ್ಕು ಮತ್ತು ಎರಡು, ಬಲದಲ್ಲೂ ನಾಲ್ಕು ಮತ್ತು ಎರಡು. ಮುಖ ಅರಳಿತು.

ಈ ಹೋಲಿಕೆ ನನ್ನ ಜಾಣತನವೇನಲ್ಲ. ಜಮಾ-ಖರ್ಚಿನ ಡಬಲ್ ಎಂಟ್ರಿ ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಅಚ್ಚು ಹಾಕಿಸಿದ. 1789ರಲ್ಲಿ ಫ್ರಾನ್ಸಿನ ಲವಾಸಿಯೆ ತನ್ನ ಪುಸ್ತಕದಲ್ಲಿ, ಕ್ರಿಯೆಗೆ ಮೊದಲೂ ನಂತರವೂ ವಸ್ತುವಿನ ಮೊತ್ತ ಅಷ್ಟೇ ಇರುತ್ತದೆ ಎಂದು ಬರೆದ. ಆತ ಸಂಪಾದನೆಗೆ ಮಾಡುತ್ತಿದ್ದುದು ತೆರಿಗೆ ವಸೂಲಿಯ ಕೆಲಸ. ಆತನೂ ಲೆಕ್ಕದ ಮನುಷ್ಯನೇ!

ಬಚ್ಚಲುಮನೆಯ ಸಮೀಕರಣ

ಮಾರನೇ ದಿನ ಅವಳಿಗೆ ಉಮೇದು. “ನಮ್ಮನೆ ಗ್ಯಾಸ್‌ದು ಮಾಡೋಣ ಅಜ್ಜಾ” ಅಂದಳು. ಅಡುಗೆ ಅನಿಲದಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಪ್ರೊಪೇನ್ ಅಣುವಿನಲ್ಲಿ ಮೂರು ಕಾರ್ಬನ್, ಎಂಟು ಹೈಡ್ರೋಜನ್. ಪೂರ್ತಿ ಉರಿದರೆ ಮೂರು ಕಾರ್ಬನ್ ಡೈಆಕ್ಸೈಡ್, ನಾಲ್ಕು ನೀರು. ಅದಕ್ಕೆ ಬೇಕಾದ ಆಕ್ಸಿಜನ್ ಪರಮಾಣು ಹತ್ತು, ಅಂದರೆ ಐದು ಅಣು. ಗಾಳಿಯಲ್ಲಿ ಆಕ್ಸಿಜನ್ ಇರುವುದು ಶೇ 21ರಷ್ಟೇ. ಹಾಗಾಗಿ ಒಂದು ಲೀಟರ್ ಪ್ರೊಪೇನ್ ಉರಿಯಲು ಸುಮಾರು 24 ಲೀಟರ್ ಗಾಳಿ ಬೇಕು.

“ಅಷ್ಟು ಗಾಳಿ ಸಿಗದಿದ್ದರೆ?” ಅಂತ ಕೇಳಿದಳು. ಇಬ್ಬರೂ ಕೂತು ಬರೆದೆವು. ಎರಡು ಪ್ರೊಪೇನ್‌ಗೆ ಹತ್ತರ ಬದಲು ಏಳೇ ಆಕ್ಸಿಜನ್ ಸಿಕ್ಕರೆ ಆರು ಕಾರ್ಬನ್ ಮಾನಾಕ್ಸೈಡ್, ಎಂಟು ನೀರು. ಕೂಡಿಸಿ ನೋಡಿದೆ. ಎಡ-ಬಲ ಪಕ್ಕಾ ಟ್ಯಾಲಿ!

ಟ್ಯಾಲಿ ಆದದ್ದಕ್ಕೆ ನಾನು ಖುಷಿಪಡುವಷ್ಟರಲ್ಲಿ ಅವಳು ತಲೆ ಎತ್ತಿದಳು. “ಅಜ್ಜಾ, ನಮ್ಮ ಬಚ್ಚಲುಮನೆ ಗೀಸರ್‌ಗೆ ಗಾಳಿ ಎಲ್ಲಿಂದ ಬರುತ್ತೆ?”

ನನ್ನ ಎದೆ ಧಸಕ್ಕೆಂದಿತು. ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಇತ್ತು. ಚಳಿ ಬರುತ್ತದೆಂದು ಅಲ್ಲಿನ ಗವಾಕ್ಷಿಗೆ ಗೋಣಿಚೀಲ ತುರುಕಿದವನು ನಾನೇ. ಹದಿನೈದು ದಿನಗಳಿಂದ ನನ್ನ ಹೆಂಡತಿ ಸ್ನಾನ ಮಾಡಿ ಬಂದಾಗಲೆಲ್ಲ ತಲೆನೋವು, ತಲೆಸುತ್ತು ಅನ್ನುತ್ತಿದ್ದಳು. ವಯಸ್ಸಾಯಿತು, ಶೀತ ಅಂದುಕೊಂಡು ಶುಂಠಿ ಕಷಾಯ ಕೊಟ್ಟಿದ್ದೆವು.

ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ವಾಸನೆ. ಇದಕ್ಕೆ ಆ ಎಚ್ಚರಿಕೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ಆಮೇಲೆ ಪ್ರಜ್ಞೆ ತಪ್ಪುತ್ತದೆ. ಚಿಲಕ ಹಾಕಿದ ಬಚ್ಚಲಲ್ಲಿ ಬಿದ್ದವರನ್ನು ಯಾರು ನೋಡಬೇಕು?

ಆ ಕ್ಷಣವೇ ಗೋಣಿಚೀಲ ಕಿತ್ತೆ, ಗೀಸರ್ ಬಂದ್ ಮಾಡಿದೆ, ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ವಾರದೊಳಗೆ ಗೀಸರನ್ನು ಹೊರಗಿನ ಗೋಡೆಗೆ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ತಂದೆವು. ಅವಳ ತಲೆನೋವು ಮತ್ತೆ ಬರಲಿಲ್ಲ.

ನಿಮ್ಮ ಮನೆಯಲ್ಲೂ ಒಮ್ಮೆ ನೋಡಿ. ಗ್ಯಾಸ್ ಗೀಸರ್ ಹೊರಗಿರಲಿ, ಗವಾಕ್ಷಿ ತೆರೆದಿರಲಿ. ಒಲೆಯ ಉರಿ ನೀಲಿಯಾಗಿರಬೇಕು. ಹಳದಿಯಾಗಿ ಪಾತ್ರೆಯ ತಳ ಮಸಿಯಾಗುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಎಂದರ್ಥ, ರಿಪೇರಿಯವರನ್ನು ಕರೆಸಿ. ಸ್ನಾನದಲ್ಲಿ ತಲೆ ಸುತ್ತಿದರೆ ಕೂಡಲೇ ಹೊರಗೆ ಬನ್ನಿ.

ಲೆಕ್ಕ ಟ್ಯಾಲಿ ಆದರೆ ಮುಗಿಯಿತು ಎಂದು ನಲವತ್ತು ವರ್ಷ ನಂಬಿದ್ದೆ. ಟ್ಯಾಲಿ ಆದ ಲೆಕ್ಕ ಏನು ಹೇಳುತ್ತಿದೆ ಎಂದು ಕೇಳಬೇಕೆಂಬುದನ್ನು ಕಲಿಸಿದವಳು ಮೊಮ್ಮಗಳು.

ಮಕ್ಕಳೇ, ಬ್ಯುಟೇನ್ ನಿಮಗೆ ಬಿಟ್ಟಿದ್ದೇನೆ. ಅದರಲ್ಲಿ ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್. ಆಕ್ಸಿಜನ್ ಪರಮಾಣು ಬೆಸಸಂಖ್ಯೆಯಲ್ಲಿ ಬಂದು ಕಾಡಿದರೆ ಎಲ್ಲವನ್ನೂ ಎರಡರಿಂದ ಗುಣಿಸಿ. ಚಿಕ್ಕ ಅಂಕಿಯನ್ನು ಮಾತ್ರ ಮುಟ್ಟಬೇಡಿ!