ಸೋರಿಯಾಸಿಸ್‌ಗೆ ಕರುಳಿನ ದಾರಿಯ ಚಿಕಿತ್ಸೆ

ಸೋರಿಯಾಸಿಸ್ ಕಾಣಿಸಿಕೊಳ್ಳುವುದು ಮೊಣಕೈ, ಮೊಣಕಾಲು, ನೆತ್ತಿಯ ಚರ್ಮದಲ್ಲಿ. ಅದನ್ನು ಕೆರಳಿಸುವುದು ದೇಹದ ರೋಗನಿರೋಧಕ ವ್ಯವಸ್ಥೆ. ಚರ್ಮದ ಕೋಶಗಳು ಬೆಳೆದು ಉದುರಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ಇಲ್ಲಿ ಅದು ಕೆಲವೇ ದಿನಗಳಲ್ಲಿ ನಡೆದು, ಕೆಂಪು ದದ್ದಿನ ಮೇಲೆ ಬಿಳಿ ಹೊಟ್ಟು ಏಳುತ್ತದೆ. ಕೆಲವರ ಕೀಲುಗಳೂ ಊದಿಕೊಳ್ಳುತ್ತವೆ. ಇದು ಅಂಟುರೋಗವಲ್ಲ. ಆದರೂ ರೋಗಿಯನ್ನು ದೂರ ಇಡುವ ಜನ ಇದ್ದಾರೆ, ಅದು ಅನ್ಯಾಯ.

ರೋಗವನ್ನು ಕೆರಳಿಸುವ ಈ ನಿರೋಧಕ ವ್ಯವಸ್ಥೆಯ ಕೋಶಗಳಲ್ಲಿ ದೊಡ್ಡ ಪಾಲು ಇರುವುದು ಕರುಳಿನಲ್ಲಿ. ಸೋರಿಯಾಸಿಸ್ ಇರುವವರ ಕರುಳಿನ ಬ್ಯಾಕ್ಟೀರಿಯಾಗಳು ಆರೋಗ್ಯವಂತರಲ್ಲಿ ಇರುವಂತಿಲ್ಲ ಎಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಅದು ರೋಗಕ್ಕೆ ಕಾರಣವೋ, ರೋಗದ ಫಲವೋ, ಊಟ-ಔಷಧಗಳಿಂದ ಬಂದದ್ದೋ ತಿಳಿಯಬೇಕಾದರೆ ಬ್ಯಾಕ್ಟೀರಿಯಾಗಳನ್ನೇ ಬದಲಿಸಿ ನೋಡಬೇಕು.

ಡೆನ್ಮಾರ್ಕ್‌ನ ಒಡೆನ್ಸೆಯ ವೈದ್ಯರು ಅದನ್ನೇ ಮಾಡಿದರು. ಸೋರಿಯಾಸಿಸ್ ಜೊತೆಗೆ ಕೀಲೂತವೂ ಇದ್ದು, ಮೆಥೊಟ್ರೆಕ್ಸೇಟ್ ಎಂಬ ಔಷಧಕ್ಕೆ ಬಗ್ಗದಿದ್ದ 31 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. 15 ಮಂದಿಗೆ ಆರೋಗ್ಯವಂತ ದಾನಿಯ ಮಲದಿಂದ ತಯಾರಿಸಿದ ದ್ರವವನ್ನು ಎಂಡೋಸ್ಕೋಪ್ ಮೂಲಕ ಸಣ್ಣಕರುಳಿನ ಆರಂಭಕ್ಕೆ ಬಿಟ್ಟರು. 16 ಮಂದಿಗೆ ಅದೇ ಬಗೆಯಲ್ಲಿ ಮಲವಿಲ್ಲದ ಹುಸಿ ದ್ರವ. ಯಾರಿಗೆ ಯಾವುದು ಸಿಕ್ಕಿತೆಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. 26 ವಾರಗಳೊಳಗೆ ಚಿಕಿತ್ಸೆ ಸಾಲದಾದದ್ದು ಮಲ ಪಡೆದವರಲ್ಲಿ 9 ಮಂದಿಗೆ, ಹುಸಿ ದ್ರವದವರಲ್ಲಿ ಮೂವರಿಗೆ ಮಾತ್ರ. ಹುಸಿ ದ್ರವದ ಗುಂಪು ಇಲ್ಲದಿದ್ದರೆ, ಮಲ ಪಡೆದವರಲ್ಲಿ ಉಳಿದ ಆರು ಜನರನ್ನು ತೋರಿಸಿ ಚಿಕಿತ್ಸೆ ಫಲಿಸಿತೆಂದು ಯಾರಾದರೂ ಹೇಳಬಹುದಿತ್ತು.

ಆ ಪ್ರಯೋಗದಲ್ಲಿ ಗಂಭೀರ ತೊಂದರೆ ಆಗಲಿಲ್ಲ. ಹಾಗೆಂದು ವಿಧಾನ ನಿರಪಾಯವಲ್ಲ. ಬೇರೆ ಕಾಯಿಲೆಗೆ ಮಲ ವರ್ಗಾವಣೆ ಪಡೆದ, ನಿರೋಧಕ ಶಕ್ತಿ ಕುಂದಿದ್ದ ಇಬ್ಬರಿಗೆ ಔಷಧಕ್ಕೆ ಬಗ್ಗದ ಇ. ಕೊಲೈ ಸೋಂಕು ತಗುಲಿ ಒಬ್ಬರು ತೀರಿಕೊಂಡರೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಎಚ್ಚರಿಸಿತ್ತು. ಸೋರಿಯಾಸಿಸ್‌ಗೆ ಕೊಡುವ ಹಲವು ಔಷಧಗಳೂ ನಿರೋಧಕ ಶಕ್ತಿಯನ್ನು ತಗ್ಗಿಸುವಂಥವೇ.

ಗುರುತಿರುವ ಕೆಲವೇ ಬ್ಯಾಕ್ಟೀರಿಯಾಗಳನ್ನು ಕೊಡುವುದು ಇನ್ನೊಂದು ದಾರಿ. ಸ್ಪೇನ್‌ನಲ್ಲಿ 90 ರೋಗಿಗಳಿಗೆ ಮುಲಾಮಿನ ಜೊತೆ 12 ವಾರ ಅಂಥ ಬ್ಯಾಕ್ಟೀರಿಯಾಗಳ ಪ್ರೊಬಯಾಟಿಕ್ ಅಥವಾ ಹುಸಿ ಮಾತ್ರೆ ಕೊಟ್ಟಾಗ, ರೋಗದ ತೀವ್ರತೆ ಮುಕ್ಕಾಲು ಭಾಗ ಇಳಿದವರು ಮೊದಲ ಗುಂಪಿನಲ್ಲಿ ಸುಮಾರು 67%, ಎರಡನೆಯದರಲ್ಲಿ 42%. ಅಮೆರಿಕದ ಇವೆಲೊ ಕಂಪನಿ ಪ್ರೆವೊಟೆಲ್ಲಾ ಹಿಸ್ಟಿಕೋಲಾ ಎಂಬ ಒಂದೇ ಬ್ಯಾಕ್ಟೀರಿಯಾವನ್ನು ಸೋರಿಯಾಸಿಸ್ ರೋಗಿಗಳಲ್ಲಿ ಪರೀಕ್ಷಿಸಿ 2021ರಲ್ಲಿ ಒಳ್ಳೆಯ ಸೂಚನೆಗಳನ್ನೇ ಕಂಡಿತು. ಆದರೆ ಅದೇ ಔಷಧ ಎಕ್ಸಿಮಾ ಎಂಬ ಇನ್ನೊಂದು ಚರ್ಮರೋಗದ ಪ್ರಯೋಗದಲ್ಲಿ ಸೋತಿತು; 2023ರ ಕೊನೆಯಲ್ಲಿ ಕಂಪನಿಯೇ ಬಾಗಿಲು ಮುಚ್ಚಿತು.