ವಾದ್ಯವೃಂದವಿಲ್ಲದ ಕನ್ಸರ್ಟೋ: ಆಲ್ಕಾನನ ಕೃತಿ, ಹ್ಯಾಮಲಿನ್ನರ ವಾದನ

ಬೀಥೋವನ್ನನ ಪ್ರಸಿದ್ಧ ಸೊನಾಟಾವೊಂದನ್ನು ಕೇಳಲು ಕುಳಿತ ರಸಿಕನ ಕಿವಿಯಲ್ಲಿ ಆ ಕೃತಿಯ ರೂಪವು ಮೊದಲೇ ನೆಲೆಗೊಂಡಿರುತ್ತದೆ. ವಾದಕನು ಎಡವಿದರೆ ಆ ದೋಷವು ವಾದಕನದೇ ಎಂದು ಅವನು ಕೂಡಲೇ ಅರಿಯುತ್ತಾನೆ. ಅಪರಿಚಿತ ಕೃತಿಗೆ ಈ ರಕ್ಷಣೆಯಿಲ್ಲ. ಅಲ್ಲಿ ವಾದಕನ ತಪ್ಪನ್ನು ರಚನಕಾರನ ಲೆಕ್ಕಕ್ಕೆ ಬರೆಯಲಾಗುತ್ತದೆ. ಶೋಪಾನನ ಮಿತ್ರನಾಗಿದ್ದ ಪ್ಯಾರಿಸಿನ ಆಲ್ಕಾನನ (1813–1888) ಸಂಗೀತವು ಬರಿಯ ಬೆರಳಿನ ಕಸರತ್ತೆಂಬ ಅಪವಾದಕ್ಕೆ ಗುರಿಯಾದುದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

1857ರಲ್ಲಿ ಪ್ರಕಟವಾದ ಅವನ ಹನ್ನೆರಡು ಅಭ್ಯಾಸಕೃತಿಗಳಲ್ಲಿ (ಕೃತಿಸಂಖ್ಯೆ 39) 8, 9 ಮತ್ತು 10ನೆಯವು ಸೇರಿ ಒಂದು ಕನ್ಸರ್ಟೋ ಆಗುತ್ತವೆ. ಕನ್ಸರ್ಟೋ ಎಂಬುದು ಸಾಮಾನ್ಯವಾಗಿ ವಾದ್ಯವೃಂದಕ್ಕೂ ಏಕವಾದಕನಿಗೂ ನಡೆಯುವ ಸಂವಾದ. ಇಲ್ಲಿಯಾದರೋ ವೃಂದವೇ ಇಲ್ಲ. ಎರಡು ಪಾತ್ರಗಳನ್ನೂ ಒಂದೇ ಪಿಯಾನೋ ನಿರ್ವಹಿಸಬೇಕು. ಎಲ್ಲಿ ವೃಂದ, ಎಲ್ಲಿ ಏಕವಾದ್ಯ ಎಂಬುದನ್ನು ಆಲ್ಕಾನನು 'ತುತ್ತಿ', 'ಸೋಲೋ' ಎಂದು ಸ್ವರಲಿಪಿಯಲ್ಲಿ ಗುರುತಿಸಿದ್ದಾನೆ. ಆದರೆ ಆ ಗುರುತು ಕಾಗದದ ಮೇಲಿನದು, ಕೇಳುವವನಿಗೆ ಕಾಣದು. ಮೊದಲನೆಯ ಭಾಗವೊಂದೇ ಸುಮಾರು ಅರ್ಧ ಗಂಟೆ ಸಾಗುವುದರಿಂದ, ಈ ಭೇದವು ನಾದದಲ್ಲಿ ಮೂಡದಿದ್ದರೆ ಉಳಿಯುವುದು ಸ್ವರಗಳ ಪ್ರವಾಹ ಮಾತ್ರ.

ಕೆನಡಾ ದೇಶದ ಮಾರ್ಕ್-ಆಂದ್ರೆ ಹ್ಯಾಮಲಿನ್ನರು ಈ ಕೃತಿಯನ್ನು ಎರಡು ಬಾರಿ ಧ್ವನಿಮುದ್ರಿಸಿದ್ದಾರೆ. 2007ರಲ್ಲಿ ಹೊರಬಂದ ಎರಡನೆಯದನ್ನೇ ನಾವಿಲ್ಲಿ ಲಕ್ಷಿಸಿದ್ದೇವೆ. ವೃಂದದ ಭಾಗಗಳಲ್ಲಿ ಅವರು ಪೆಡಲನ್ನು ಮಿತವಾಗಿ ಬಳಸಿ, ದಟ್ಟವಾದ ಸ್ವರಮೇಳಗಳನ್ನು ಬಿಡಿಬಿಡಿಯಾಗಿ ಕೇಳಿಸುತ್ತಾರೆ. ಏಕವಾದ್ಯದ ಸರದಿ ಬಂದೊಡನೆ ಅದೇ ಕೀಲಿಮಣೆಯಿಂದ ಬೇರೊಂದು ಕಂಠ ಹೊಮ್ಮಿದಂತಾಗುತ್ತದೆ. ಇದಕ್ಕಿಂತಲೂ ಮುಖ್ಯವಾದುದು ಲಯ. ಕ್ಲಿಷ್ಟಸ್ಥಳಗಳಲ್ಲಿ ಉಸಿರು ತೆಗೆದುಕೊಳ್ಳಲು ಕಾಲವನ್ನು ಎಳೆಯುವುದು ವಾದಕರ ಹಳೆಯ ಅಭ್ಯಾಸ. ಹ್ಯಾಮಲಿನ್ನರು ಹಾಗೆ ಎಳೆಯುವುದಿಲ್ಲ. ನಡೆ ಸಡಿಲವಾಗದ ಕಾರಣ, ಬಹು ದೂರದಲ್ಲಿ ಮರಳಿ ಬರುವ ವಸ್ತುವು ಆರಂಭದ್ದೇ ಎಂದು ಕಿವಿ ಗುರುತಿಸುತ್ತದೆ. ಕಸರತ್ತೆಂದು ತೋರುತ್ತಿದ್ದುದರ ಒಳಗಿನ ಕಟ್ಟಡ ಪ್ರತ್ಯಕ್ಷವಾಗುತ್ತದೆ.

ನಿಧಾನಗತಿಯ ಎರಡನೆಯ ಭಾಗದಲ್ಲಿ ಮಾತ್ರ ಈ ಸಂಯಮವು ತುಸು ಅತಿಯಾಯಿತೇ ಎಂಬ ಸಂದೇಹ ನಮಗುಂಟು. 1972ರಲ್ಲಿ ಹೊರಬಂದ ಜಾನ್ ಆಗ್ಡನ್ನರ ಮುದ್ರಿಕೆಯಲ್ಲಿ ಅಷ್ಟು ಸ್ಪಷ್ಟತೆಯಿಲ್ಲ, ಅಲ್ಲಲ್ಲಿ ಆವೇಗವು ಅಂಕೆ ಮೀರುತ್ತದೆ. ಆದರೂ ಆ ಭಾಗದ ಶೋಕವು ಅಲ್ಲಿ ಹೆಚ್ಚು ಹತ್ತಿರದಿಂದ ಕೇಳಿಸುತ್ತದೆ. ಆಲ್ಕಾನನನ್ನು ಹೊಸದಾಗಿ ಕೇಳತೊಡಗುವವರು ಹ್ಯಾಮಲಿನ್ನರಿಂದ ಆರಂಭಿಸಿ, ಆಮೇಲೆ ಆಗ್ಡನ್ನರ ಬಳಿಗೆ ಹೋಗಬಹುದು.