ಟಚ್ ಫುಟ್‌ಬಾಲ್: ಸ್ಪರ್ಶವೇ ನಿಯಮವಾದ ಆಟ

ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದೊಡನೆ ಕಲಾ ವಿಭಾಗದ ವಿದ್ಯಾರ್ಥಿಯ ಮನಸ್ಸು ಪಂಪನ ಕಡೆಗೋ ಕುಮಾರವ್ಯಾಸನ ಕಡೆಗೋ ಹರಿಯುವುದು ವಾಡಿಕೆ. ನಾನಾದರೋ ಆಟವೊಂದರ ನಿಯಮಗಳನ್ನು ಕುರಿತು ಬರೆಯಹೊರಟಿದ್ದೇನೆ. ವಾಚಕರು ಹುಬ್ಬೇರಿಸದೆ ಓದಬೇಕೆಂದು ಪ್ರಾರ್ಥನೆ.

ಕಾರಣವಿಷ್ಟೆ. ಈ ವರ್ಷದ ಆರಂಭದಲ್ಲಿ ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರು ಇಂಗ್ಲಿಷಿನ ಕೆಲವು ಹಾಳೆಗಳನ್ನು ನನ್ನ ಕೈಗಿತ್ತು, “ಇದನ್ನು ಕನ್ನಡದಲ್ಲಿ ಬರೆದುಕೊಡಪ್ಪ, ಹುಡುಗರು ಓದಿಕೊಂಡು ಆಡಲಿ” ಎಂದರು. ಅದು ಟಚ್ ಫುಟ್‌ಬಾಲ್ ಎಂಬ ಆಟದ ನಿಯಮಾವಳಿ. ಎರಡು ಸಂಜೆಯ ಕೆಲಸವೆಂದುಕೊಂಡು ಒಪ್ಪಿಕೊಂಡೆ. ಅದು ಎರಡು ವಾರ ಹಿಡಿಯಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ. ಮೊದಲು ಆಟವನ್ನು ಪರಿಚಯಿಸುವೆ.

ಇದರ ತವರು ಆಸ್ಟ್ರೇಲಿಯ. ಅಲ್ಲಿ ರಗ್ಬಿ ಲೀಗ್ ಎಂಬ ಒರಟು ಆಟವೊಂದು ಬಹು ಜನಪ್ರಿಯವಾಗಿದೆ. ಚೆಂಡನ್ನು ಎದೆಗವಚಿಕೊಂಡು ಓಡುವವನನ್ನು ಎದುರಾಳಿಗಳು ಹಿಡಿದು ನೆಲಕ್ಕೆ ಕೆಡಹುವುದು ಅದರ ಕ್ರಮ. ದಿನವೂ ಹೀಗೆ ಕೆಡಹಿಸಿಕೊಂಡರೆ ಮೈ ಉಳಿಯುವುದೆಂತು? ಆದುದರಿಂದ ಆಟಗಾರರು ಅಭ್ಯಾಸದ ವೇಳೆ ಕೆಡಹುವ ಬದಲು ಸುಮ್ಮನೆ ಮುಟ್ಟಿ ಬಿಡುತ್ತಿದ್ದರು. ಈ ಅಭ್ಯಾಸದಾಟವೇ ಕ್ರಮೇಣ ಸ್ವತಂತ್ರ ಆಟವಾಯಿತು. ೧೯೬೮ರಲ್ಲಿ ಸಿಡ್ನಿ ನಗರದಲ್ಲಿ ಬಾಬ್ ಡೈಕ್ ಮತ್ತು ರೇ ವಾಡನ್ ಎಂಬಿಬ್ಬರು ‘ಸೌತ್ ಸಿಡ್ನಿ’ ಎಂಬ ಹೆಸರಿನಲ್ಲಿ ಇದಕ್ಕೊಂದು ಕ್ಲಬ್ಬನ್ನು ಕಟ್ಟಿದರು. ೧೯೮೫ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಹುಟ್ಟಿತು. ೧೯೮೮ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ ಮೊದಲ ವಿಶ್ವಕಪ್ ನಡೆಯಿತು. ಇಷ್ಟಾದರೂ ಇದು ಮುಖ್ಯವಾಗಿ ಹವ್ಯಾಸಿಗಳ ಆಟವಾಗಿಯೇ ಉಳಿದಿದೆ. ಕಚೇರಿ ಬಿಟ್ಟವರೂ ಶಾಲೆ ಬಿಟ್ಟವರೂ ಸಂಜೆ ಸೇರಿ ಆಡುವ ಆಟವಿದು.

ಅಂಕಣದ ಉದ್ದ ೭೦ ಮೀಟರು, ಅಗಲ ೫೦ ಮೀಟರು. ಎರಡು ತುದಿಗಳಲ್ಲಿಯೂ ಅಂಕದ ಗೆರೆಗಳಿರುತ್ತವೆ. ತಂಡದಲ್ಲಿ ೧೪ ಮಂದಿಯವರೆಗೆ ಇರಬಹುದಾದರೂ ಒಮ್ಮೆಗೆ ಅಂಕಣದಲ್ಲಿ ಆಡತಕ್ಕವರು ಆರು ಮಂದಿ ಮಾತ್ರ. ದಣಿದವನು ಹೊರಬಂದು ಇನ್ನೊಬ್ಬನನ್ನು ಕಳುಹಿಸಬಹುದು. ಎಷ್ಟು ಸಲವಾದರೂ ಬದಲಾಗಬಹುದು. ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಅವಧಿಗಳು. ಹೆಂಗಸರೂ ಗಂಡಸರೂ ಕೂಡಿ ಆಡುವ ಸ್ಪರ್ಧೆಗಳೂ ಉಂಟು. ಅಲ್ಲಿ ಆರು ಮಂದಿಯಲ್ಲಿ ಗಂಡಸರು ಮೂವರನ್ನು ಮೀರಕೂಡದು.

ಹೆಸರಿನಲ್ಲಿ ಫುಟ್‌ಬಾಲ್ ಇದ್ದರೂ ಇಲ್ಲಿ ಪಾದಕ್ಕೆ ಹೆಚ್ಚು ಕೆಲಸವಿಲ್ಲ. ಆಟವನ್ನು ಆರಂಭಿಸುವಾಗ ಚೆಂಡನ್ನು ನೆಲದ ಮೇಲಿಟ್ಟು ಕಾಲಿನಿಂದ ಮೆಲ್ಲನೆ ತಾಕಿಸಿ ಎತ್ತಿಕೊಳ್ಳುತ್ತಾರೆ, ಅಷ್ಟೆ. ಒದೆಯುವ ಮಾತೇ ಇಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು. ಜೊತೆಗಾರನಿಗೆ ಎಸೆಯುವುದಾದರೆ ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಮುಂದಕ್ಕೆ ಎಸೆದರೆ ದಂಡ. ಎಸೆದ ಚೆಂಡು ಕೈತಪ್ಪಿ ನೆಲಕ್ಕೆ ಬಿದ್ದರೆ ಸರದಿ ಎದುರಾಳಿಗಳ ಪಾಲು. ಎದುರಾಳಿಗಳ ಅಂಕದ ಗೆರೆಯ ಮೇಲಾಗಲಿ ಅದರಾಚೆಯಾಗಲಿ ಚೆಂಡನ್ನು ನೆಲಕ್ಕೆ ಊರಿದರೆ ಒಂದು ಅಂಕ.

ಇನ್ನು ಸ್ಪರ್ಶದ ವಿಚಾರ. ಚೆಂಡು ಹಿಡಿದವನಿಗೂ ಎದುರಾಳಿಗೂ ಯಾವ ಬಗೆಯ ತಾಕುವಿಕೆಯಾದರೂ ಅದು ಸ್ಪರ್ಶವೇ. ಮೈಯನ್ನೇ ಮುಟ್ಟಬೇಕೆಂದಿಲ್ಲ, ಅಂಗಿಯ ಚುಂಗು, ತಲೆಗೂದಲು, ಕೈಯಲ್ಲಿರುವ ಚೆಂಡು, ಯಾವುದನ್ನು ಮುಟ್ಟಿದರೂ ಸರಿಯೆ. ಆದರೆ ಬೇಕಾದಷ್ಟೇ ಬಲವನ್ನು ಬಳಸಬೇಕು. ತಳ್ಳಿದರೆ, ಹೊಡೆದರೆ ದಂಡ. ಸ್ಪರ್ಶಕ್ಕೊಳಗಾದವನು ಕೂಡಲೇ ನಿಂತು, ಸ್ಪರ್ಶವಾದ ಎಡೆಗೇ ಬಂದು, ಚೆಂಡನ್ನು ನೆಲಕ್ಕಿಟ್ಟು ತನ್ನ ಕಾಲುಗಳ ನಡುವೆ ಹಿಂದಕ್ಕೆ ಉರುಳಿಸಬೇಕು. ಅದು ಒಂದು ಮೀಟರಿಗಿಂತ ಹೆಚ್ಚು ಉರುಳಬಾರದು. ಸ್ಪರ್ಶವಾದ ಮೇಲೆ ಎಸೆದರೆ ದಂಡ. ಸ್ಪರ್ಶವಾಗದೆ ಉರುಳಿಸಿದರೂ ದಂಡ. ಆ ವೇಳೆಗೆ ಎದುರಾಳಿಗಳು ಏಳು ಮೀಟರು ಹಿಂದೆ ಸರಿದಿರಬೇಕು. ಉರುಳಿದ ಚೆಂಡನ್ನು ಎತ್ತಿಕೊಳ್ಳುವವನಿಗೆ ‘ಹಾಫ್’ ಎಂದು ಹೆಸರು. ಇವನು ತಾನೇ ಅಂಕ ಗಳಿಸುವಂತಿಲ್ಲ. ಚೆಂಡಿನೊಡನೆ ಸ್ಪರ್ಶಕ್ಕೆ ಸಿಕ್ಕಿದರೆ ತಂಡದ ಸರದಿಯೇ ಹೋಗುತ್ತದೆ. ಒಂದು ತಂಡಕ್ಕೆ ಆರು ಸ್ಪರ್ಶಗಳ ಅವಕಾಶ. ಆರನೆಯದಾದೊಡನೆ ಚೆಂಡನ್ನು ಎದುರಾಳಿಗಳಿಗೆ ಒಪ್ಪಿಸಬೇಕು.

ಈ ನಿಯಮಗಳಲ್ಲಿ ಎರಡನ್ನು ನಾನು ಹಲವು ಸಲ ಓದಿದೆ. ಒಂದು, ಯಾರು ಯಾರನ್ನು ಮುಟ್ಟಿದರೆಂದು ಇಲ್ಲಿ ಯಾರೂ ಕೇಳುವುದಿಲ್ಲ. ಎದುರಾಳಿಯು ಬಂದು ಮುಟ್ಟಿದರೂ ಒಂದೇ, ಚೆಂಡು ಹಿಡಿದವನೇ ಹೋಗಿ ಎದುರಾಳಿಯನ್ನು ಮುಟ್ಟಿದರೂ ಒಂದೇ. ಎರಡು, ಮುಟ್ಟದೆ ಮುಟ್ಟಿದೆನೆಂದು ಹೇಳುವುದು ಅಪರಾಧ. ಆದರೆ ಮುಟ್ಟಿದೆನೆಂದು ಆಟಗಾರನು ಹೇಳಿ, ತೀರ್ಪುಗಾರನಿಗೆ ಖಚಿತವಾಗದೆ ಹೋದರೆ, ಸ್ಪರ್ಶವಾಯಿತೆಂದೇ ಎಣಿಸಬೇಕು. ಅಂದರೆ ಸಂಶಯ ಬಂದಲ್ಲಿ ಆಟಗಾರನ ಮಾತನ್ನು ನಂಬಬೇಕು.

ನನ್ನ ಕೆಲಸ ಎರಡು ವಾರ ಹಿಡಿಯಲು ಕಾರಣವೂ ಇಲ್ಲಿಯೇ ಇದೆ. ‘ಟಚ್’ ಎಂಬುದಕ್ಕೆ ಕನ್ನಡದಲ್ಲಿ ಏನೆಂದು ಬರೆಯಲಿ? ‘ಮುಟ್ಟು’ ಎಂದು ಬರೆದೆ. ಕೋಣೆಯ ಗೆಳೆಯನು ಓದಿ ನಕ್ಕುಬಿಟ್ಟ. ಆ ಮಾತಿಗೆ ನಮ್ಮ ಮನೆಗಳಲ್ಲಿ ಬೇರೆ ಅರ್ಥವಿರುವುದು ಎಲ್ಲರೂ ಬಲ್ಲ ಸಂಗತಿ. ಹೊಡೆದುಹಾಕಿ ‘ಸ್ಪರ್ಶ’ವೆಂದು ಬರೆದೆ. ಗೆಳೆಯನು ಸರಿಯೆಂದ. ನನ್ನ ಲೇಖನಿ ಮಾತ್ರ ಅಲ್ಲಿಯೇ ನಿಂತಿತು. ಆ ಪದಕ್ಕೆ ಸಂಬಂಧಿಸಿದ ಇನ್ನೊಂದು ಪದವನ್ನು, ‘ಅ’ಕಾರ ಮೊದಲಾಗಿ ಬರುವ ಪದವನ್ನು, ನಾನು ಸಮಾಜಶಾಸ್ತ್ರದ ಪುಸ್ತಕದಲ್ಲಿ ಓದುವುದಕ್ಕೆ ಮುಂಚೆಯೇ ನಮ್ಮ ಕೇರಿಯಲ್ಲಿ ಕಲಿತವನು.

ನನ್ನ ಅಜ್ಜಿ ಕೂಲಿಗೆ ಹೋದ ಮನೆಗಳಲ್ಲಿ ಬೊಗಸೆಯೊಡ್ಡಿ ನೀರು ಕುಡಿದವಳು. ಒಮ್ಮೆ ಅವಳ ಸೆರಗು ಅಂಗಳದ ಕೊಡಕ್ಕೆ ತಾಕಿತೆಂದು ಬೈಗುಳಾಯಿತಂತೆ. “ತಾಕಲಿಲ್ಲ ಕಣೊ, ಗಾಳಿಗೆ ಹಾರಿತಷ್ಟೆ. ಆದರೆ ನನ್ನ ಮಾತು ಯಾರು ಕೇಳ್ತಾರೆ?” ಎಂದು ಮುದುಕಿ ಇಂದಿಗೂ ಹೇಳುತ್ತಾಳೆ. ನನ್ನ ಬಾಲ್ಯದ ಹೊತ್ತಿಗೆ ಕಾಲ ಕೊಂಚ ಬದಲಾಗಿತ್ತು. ಊರ ಹುಡುಗರೂ ನಾವೂ ಕೆರೆಯಂಗಳದಲ್ಲಿ ಕೂಡಿಯೇ ಕಬಡ್ಡಿ ಆಡುತ್ತಿದ್ದೆವು. ಹಿಡಿಯುತ್ತಿದ್ದೆವು, ಬೀಳುತ್ತಿದ್ದೆವು, ಒಬ್ಬರ ಬೆವರು ಇನ್ನೊಬ್ಬರಿಗೆ ಮೆತ್ತುತ್ತಿತ್ತು. ಆಟ ಮುಗಿದ ಮೇಲೆ ಅವರು ನೀರಿಗೆಂದು ಒಂದು ದಿಕ್ಕಿಗೆ, ನಾವು ಇನ್ನೊಂದು ದಿಕ್ಕಿಗೆ. ಗೆರೆಯೊಳಗೆ ಇಲ್ಲದ ನಿಯಮವು ಗೆರೆಯ ಹೊರಗೆ ಕಾದು ನಿಂತಿರುತ್ತಿತ್ತು.

ಬರೆದು ಮುಗಿಸಿದ ಮೇಲೆ ನಮ್ಮ ಮೈದಾನದಲ್ಲಿ ಒಂದು ಶನಿವಾರ ಆಟವನ್ನು ಪ್ರಯೋಗಿಸಿದೆವು. ಮೊಟ್ಟೆಯಾಕಾರದ ಚೆಂಡು ದೊರೆಯದೆ ಹ್ಯಾಂಡ್‌ಬಾಲನ್ನೇ ಬಳಸಿದೆವು. ಗೆರೆಗಳನ್ನು ಸುಣ್ಣದ ಪುಡಿಯಿಂದ ಎಳೆದೆವು. ಅಧ್ಯಾಪಕರೇ ತೀರ್ಪುಗಾರರು. ಎರಡನೆಯ ಅವಧಿಯಲ್ಲಿ ದ್ವಿತೀಯ ಬಿ.ಎ. ತರಗತಿಯವನೊಬ್ಬ ನನ್ನನ್ನು ದಾಟಿ ನೇರವಾಗಿ ಅಂಕದ ಗೆರೆಯತ್ತ ಓಡಿದ. ನನ್ನ ಬೆರಳ ತುದಿಗೆ ಅವನ ಅಂಗಿ ಸೋಕಿತು. “ಸ್ಪರ್ಶ!” ಎಂದು ಕೂಗಿದೆ. ಅವನು ನಿಲ್ಲದೆ ಹೋಗಿ ಚೆಂಡನ್ನೂರಿದ. ಅವನ ಕಡೆಯವರು ಇಲ್ಲವೆಂದರು, ನನ್ನ ಕಡೆಯವರು ಹೌದೆಂದರು. ಅಧ್ಯಾಪಕರು ನನ್ನನ್ನು ನೋಡಿ, “ನನಗೆ ಕಾಣಿಸಲಿಲ್ಲ. ಮುಟ್ಟಿದೆಯೇನಪ್ಪ?” ಎಂದರು. “ಮುಟ್ಟಿದೆ ಸಾರ್” ಎಂದೆ. “ಹಾಗಾದರೆ ಸ್ಪರ್ಶವಾಯಿತು” ಎಂದು ಅವರು ಬೆರಳೆತ್ತಿ ಎಣಿಸಿದರು. ಆ ಹುಡುಗ ಗೊಣಗದೆ ಹಿಂದಿರುಗಿ ಬಂದು, ನಾನು ತೋರಿಸಿದ ಎಡೆಯಲ್ಲಿ ಚೆಂಡನ್ನಿಟ್ಟು ಉರುಳಿಸಿದ.

ಪಂದ್ಯವನ್ನು ನಾವು ಸೋತೆವು. ಅದು ಮುಖ್ಯವಲ್ಲ. ಮುಟ್ಟಿದೆನೆಂದು ಹತ್ತು ಜನರೆದುರು ಕೂಗಿ ಹೇಳಿದ್ದಕ್ಕೆ ನನ್ನನ್ನು ಯಾರೂ ಬೈಯಲಿಲ್ಲ. ನನ್ನ ಮಾತನ್ನು ನಂಬಿದರು. ಆಟ ಮುಗಿದ ಮೇಲೆ ಎಲ್ಲರೂ ಗ್ರಂಥಾಲಯದ ಬಳಿಯ ಒಂದೇ ನಲ್ಲಿಗೆ ಕೈಯೊಡ್ಡಿದೆವು. ಇದೇನು ದೊಡ್ಡ ಸಂಗತಿಯೆಂದು ಕೆಲವರಿಗೆ ತೋರಬಹುದು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಗೆ ಹೇಳಿದೆ. ಅವಳು ಎರಡು ಸಲ ಹೇಳಿಸಿಕೊಂಡು ಕೇಳಿದಳು.

ಆಟವೊಂದರಿಂದ ಸಮಾಜ ಬದಲಾದೀತೆಂಬ ಭ್ರಮೆ ನನಗಿಲ್ಲ. ಆದರೆ ನಿಯಮವೆಂಬುದು ಮನುಷ್ಯರು ಕೂಡಿ ಬರೆದುಕೊಂಡದ್ದು, ಬೇರೆ ರೀತಿಯಲ್ಲಿ ಬರೆದುಕೊಳ್ಳಲೂ ಬರುತ್ತದೆ ಎಂಬುದನ್ನು ಈ ಹಾಳೆಗಳು ನನಗೆ ಕಲಿಸಿದವು. ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ಬರುವ ವರ್ಷ ನಾನಿಲ್ಲಿ ಇರುವುದಿಲ್ಲ. ಕನ್ನಡದ ನಿಯಮಾವಳಿಯ ಪ್ರತಿಯೊಂದನ್ನು ಕ್ರೀಡಾ ಕೊಠಡಿಯ ಕಪಾಟಿನಲ್ಲಿಟ್ಟಿದ್ದೇನೆ. ಕಿರಿಯ ಮಿತ್ರರು ಅದನ್ನು ತೆಗೆದು ಓದಲಿ, ಬೇಕೆನಿಸಿದಲ್ಲಿ ತಿದ್ದಲಿ, ಮುಖ್ಯವಾಗಿ ಆಡಲಿ. ‘ಸ್ಪರ್ಶ’ ಎಂಬ ಪದವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಬೇಕೆಂದು ನನ್ನ ವಿನಂತಿ.